ಮುದ್ದು ಮರಿ ತರುವ ಮುನ್ನ...

ರೀಲ್ಸ್‌ನಲ್ಲಿ ನಾಯಿಮರಿ ಕಂಡರೆ ಸಾಕು, ‘ನಮಗೂ ಒಂದು ಬೇಕು’ ಅನ್ನಿಸುತ್ತದೆ. ತಪ್ಪೇನಿಲ್ಲ. ಆದರೆ ತರುವ ಮುಂಚೆ ಒಂದು ಲೆಕ್ಕ ಹಾಕಿ. ನಾಯಿಯ ಆಯಸ್ಸು ಸುಮಾರು 10ರಿಂದ 15 ವರ್ಷ. ಇಂದು ನಿಮಗೆ 21 ಆಗಿದ್ದರೆ, ಅದು ಮುದಿಯಾಗುವ ಹೊತ್ತಿಗೆ ನಿಮಗೆ 30 ದಾಟಿರುತ್ತದೆ. ಈ ನಡುವೆ ಕೊನೆಯ ಸೆಮಿಸ್ಟರ್, ಕೆಲಸದ ಹುಡುಕಾಟ, ಬೆಂಗಳೂರಿನ ಪಿ.ಜಿ., ಮದುವೆ ಎಲ್ಲವೂ ಬರುತ್ತವೆ. ಪಿ.ಜಿ.ಯಲ್ಲಿ ನಿಮಗೆ ಜಾಗ ಸಿಗಬಹುದು, ನಾಯಿಗೆ ಸಿಗುವುದು ಕಷ್ಟ.

ಹಾಗಾಗಿ ಮೊದಲ ಪ್ರಶ್ನೆ ‘ಯಾವ ತಳಿ?’ ಅಲ್ಲ, ‘ನಾನು ಊರು ಬಿಟ್ಟರೆ ನೋಡಿಕೊಳ್ಳುವವರು ಯಾರು?’ ಅಮ್ಮನ ತಲೆಗೆ ಕಟ್ಟುವ ಯೋಚನೆಯಿದ್ದರೆ ಮೊದಲು ಅಮ್ಮನನ್ನು ಕೇಳಿ.

ಆಮೇಲೆ ತಳಿ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತರುವುದು ಶೋಕಿ, ಪ್ರೀತಿಯಲ್ಲ. ಬೇಟೆಯ ಮುಧೋಳಕ್ಕೆ ಓಡಲು ಬಯಲು ಬೇಕು. ನಮ್ಮ ನಾಟಿ ಮರಿಗಳು ಈ ಹವೆಗೆ ಒಗ್ಗಿದವು. ಯಾವುದೇ ಇರಲಿ, 8 ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬೇಡಿ.

ಲಸಿಕೆ 6ರಿಂದ 8 ವಾರಕ್ಕೆ ಶುರು. 16 ವಾರ ಆಗುವವರೆಗೆ 3–4 ವಾರಕ್ಕೊಮ್ಮೆ ಬೂಸ್ಟರ್. ರೇಬಿಸ್ ಲಸಿಕೆ 3 ತಿಂಗಳು ತುಂಬಿದ ಮೇಲೆ. ಲಸಿಕೆ ಇಲ್ಲದ ಮರಿಗೆ ಪಾರ್ವೊ ತಗುಲಿದರೆ ವಾಂತಿ, ರಕ್ತಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು.

ತರಬೇತಿಗೆ ದುಡ್ಡಿಗಿಂತ ತಾಳ್ಮೆ ಮುಖ್ಯ. ಎರಡು ತಿಂಗಳ ಮರಿ ಮೂತ್ರವನ್ನು ಎರಡು ಗಂಟೆ ತಡೆದರೆ ಹೆಚ್ಚು. ಎದ್ದ ಕೂಡಲೇ, ಉಂಡ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದರೆ ತಕ್ಷಣ ಬೆನ್ನು ಸವರಿ, ಚೂರು ತಿಂಡಿ ಕೊಡಿ. ಮನೆಯೊಳಗೆ ಮಾಡಿದ್ದಕ್ಕೆ ಆಮೇಲೆ ಹೊಡೆದರೆ ಅದು ಕಲಿಯುವುದು ನಿಮಗೆ ಹೆದರುವುದನ್ನಷ್ಟೇ. ನೀವು ‘ಕೂತ್ಕೋ’, ತಮ್ಮ ‘ಸಿಟ್’ ಎಂದರೆ ಅದಕ್ಕೆ ಗೊಂದಲ. ಮನೆಯವರೆಲ್ಲ ಒಂದೇ ಪದ ಬಳಸಿ.

ಕೆಲಸ ಸಿಕ್ಕಿತೆಂದು ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ತಟ್ಟೆಯಲ್ಲಿ ಉಂಡು ಬೆಳೆದ ನಾಯಿಗೆ ಬೀದಿಯಲ್ಲಿ ಬದುಕಲು ಗೊತ್ತಿರುವುದಿಲ್ಲ. ಅಲ್ಲಿನ ನಾಯಿಗಳು ಅದನ್ನು ಹತ್ತಿರ ಸೇರಿಸುವುದೂ ಇಲ್ಲ.

ಈಗ ಆಗುವುದಿಲ್ಲ ಅನ್ನಿಸಿದರೆ ಕಾಯಿರಿ. ನೀವು ಒಂದು ನೆಲೆ ಕಂಡ ಮೇಲೂ ಮರಿಗಳು ಹುಟ್ಟುತ್ತವೆ. ಅಲ್ಲಿಯವರೆಗೆ ಪಕ್ಕದ ಮನೆಯವರನ್ನು ಕೇಳಿ, ಅವರ ನಾಯಿಯನ್ನು ಒಂದು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ ವಾಕಿಂಗ್ ಕರೆದೊಯ್ಯಿರಿ. ನಾಯಿ ಸಾಕುವುದೆಂದರೆ ಏನೆಂದು ಅರ್ಧ ಗೊತ್ತಾಗಿಬಿಡುತ್ತದೆ.