ಹಕ್ಕು ಅವರವರದು, ಲೋಕ ಎಲ್ಲರದು

2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ‘ಇಮೇಜ್ ಯುನೈಟೆಡ್’ ಎಂಬ ಕಾಮಿಕ್ಸ್ ಶುರುವಾಯಿತು. ಅದರ ಒಂದೇ ಪುಟದಲ್ಲಿ ಹಲವು ಕೈಗಳ ಗೆರೆಗಳಿವೆ. ಕೆಂಪು ನಿಲುವಂಗಿಯ ಸ್ಪಾನ್‌ನನ್ನು ಬರೆದವರು ಟಾಡ್ ಮೆಕ್‌ಫಾರ್ಲೇನ್. ಅವನ ಪಕ್ಕದ ಹಸಿರು ಮೈಯ ಸ್ಯಾವೇಜ್ ಡ್ರ್ಯಾಗನ್ ಎರಿಕ್ ಲಾರ್ಸೆನ್ ಅವರದು, ಯಂಗ್‌ಬ್ಲಡ್ ತಂಡ ರಾಬ್ ಲೀಫೆಲ್ಡ್ ಅವರದು. ಕಥೆ ರಾಬರ್ಟ್ ಕರ್ಕ್‌ಮನ್ ಅವರದು. ಯಾರ ಪಾತ್ರವೋ ಅವರೇ ಅದನ್ನು ಬಿಡಿಸಬೇಕು ಎಂಬುದು ಅಲ್ಲಿನ ಕರಾರು. ಸ್ವತಂತ್ರ ಸೂಪರ್‌ಹೀರೋ ಕಾಮಿಕ್ಸಿನ ಹಂಚಿಕೊಂಡ ಕಥಾಲೋಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಕಂಡಿಲ್ಲ.

ಒಬ್ಬ ನಾಯಕನ ಕಥೆಗೆ ಇನ್ನೊಬ್ಬ ನಾಯಕ ಬಂದು ಹೋಗುವುದು ನಮಗೆ ಹೊಸದಲ್ಲ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನ ದಾರಿಯಲ್ಲಿ ರಾಮಾಯಣದ ಹನುಮಂತ ಬಾಲ ಚಾಚಿ ಮಲಗಿರುತ್ತಾನೆ. ಅಲ್ಲಿ ಯಾರ ಅನುಮತಿಯ ಪ್ರಶ್ನೆಯೂ ಇರಲಿಲ್ಲ. ಮಾರ್ವೆಲ್, ಡಿಸಿ ಕಂಪನಿಗಳಲ್ಲೂ ಈ ಕೆಲಸ ಸುಲಭ, ಪಾತ್ರಗಳೆಲ್ಲ ಒಂದೇ ಮನೆಯ ಆಸ್ತಿ. ಸ್ಪೈಡರ್‌ಮ್ಯಾನ್ ಯಾರ ಕಥೆಗೆ ಹೋಗಬೇಕು ಎಂದು ತೀರ್ಮಾನಿಸುವುದು ಕಂಪನಿ, ಬರೆದವರಲ್ಲ.

ಈ ಪದ್ಧತಿಗೆ ಬೇಸತ್ತೇ 1992ರಲ್ಲಿ ಏಳು ಚಿತ್ರಕಾರರು ಇಮೇಜ್ ಕಾಮಿಕ್ಸ್ ಕಟ್ಟಿದರು: ಮೆಕ್‌ಫಾರ್ಲೇನ್, ಲಾರ್ಸೆನ್, ಲೀಫೆಲ್ಡ್, ಜಿಮ್ ಲೀ, ಮಾರ್ಕ್ ಸಿಲ್ವೆಸ್ಟ್ರಿ, ಜಿಮ್ ವ್ಯಾಲೆಂಟಿನೊ, ವಿಲ್ಸ್ ಪೋರ್ಟಾಸಿಯೊ. ಮಾರ್ವೆಲ್‌ಗೆ ಲಕ್ಷಗಟ್ಟಲೆ ಪ್ರತಿ ಮಾರಿಕೊಟ್ಟಿದ್ದ ಇವರಿಗೆ ತಾವು ಬಿಡಿಸಿದ ಪಾತ್ರಗಳ ಮೇಲೆ ಹಕ್ಕಿರಲಿಲ್ಲ. ಹೊಸ ಸಂಸ್ಥೆಯಲ್ಲಿ ನಿಯಮವನ್ನೇ ತಿರುಗಿಸಿದರು. ಸಂಸ್ಥೆಗೆ ಸೇರುವುದು ಹೆಸರು ಮತ್ತು ಲಾಂಛನ ಮಾತ್ರ, ಪಾತ್ರ ಸೃಷ್ಟಿಸಿದವರದ್ದೇ. ಆದರೂ ಆ ಪಾತ್ರಗಳೆಲ್ಲ ಒಂದೇ ಲೋಕದಲ್ಲಿ ಓಡಾಡುತ್ತಿದ್ದವು. ಒಬ್ಬರ ನಾಯಕ ಇನ್ನೊಬ್ಬರ ಸಂಚಿಕೆಗೆ ಬರುತ್ತಿದ್ದುದು ಪರಸ್ಪರ ಒಪ್ಪಿಗೆಯ ಮೇಲೆ.

ಇಂಥ ಲೋಕ ಒಡೆಯುವುದೂ ಬೇಗ. ಜಿಮ್ ಲೀ ತಮ್ಮ ವೈಲ್ಡ್‌ಸ್ಟಾರ್ಮ್ ಸ್ಟುಡಿಯೊವನ್ನು ಡಿಸಿಗೆ ಮಾರಿದರು. 1999ರ ಹೊತ್ತಿಗೆ ಅವರ ಪಾತ್ರಗಳು ಅತ್ತ ಹೋದವು. ಅವರ ಗ್ರಿಫ್ಟರ್ 2011ರಿಂದ ಬ್ಯಾಟ್‌ಮ್ಯಾನ್ ಇರುವ ಲೋಕದ ನಿವಾಸಿ. ಏಂಜೆಲಾಳ ಕಥೆ ಇನ್ನೂ ಸಿಕ್ಕಿನದು. 1993ರಲ್ಲಿ ಸ್ಪಾನ್‌ನ ಒಂಬತ್ತನೇ ಸಂಚಿಕೆಗೆ ನೀಲ್ ಗೇಮನ್ ಬರೆದುಕೊಟ್ಟ ಪಾತ್ರ ಅವಳು. ಅವಳ ಒಡೆತನ ಯಾರದೆಂಬ ಜಗಳ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯಿತು. ಕೊನೆಗೆ ಅವಳು ಗೇಮನ್ ಪಾಲಾಗಿ 2013ರಲ್ಲಿ ಮಾರ್ವೆಲ್ ಕಥೆಗಳಿಗೆ ಸೇರಿದಳು. ಸೃಷ್ಟಿಕರ್ತನ ಹಕ್ಕಿಗಾಗಿ ಹುಟ್ಟಿದ ಸಂಸ್ಥೆಯ ಸ್ಥಾಪಕರೊಬ್ಬರು ಇನ್ನೊಬ್ಬ ಸೃಷ್ಟಿಕರ್ತನ ಎದುರು ಕಟಕಟೆ ಹತ್ತಬೇಕಾಯಿತಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಮೇಲೆ ಹೇಳಿದ ‘ಇಮೇಜ್ ಯುನೈಟೆಡ್’ ಕೂಡ ಮುಗಿಯಲಿಲ್ಲ. ಆರು ಸಂಚಿಕೆಗಳ ಯೋಜನೆಯಲ್ಲಿ ಮೂರು ಬಂದು ನಿಂತುಹೋಯಿತು.

ಹಾಗೆಂದು ಈ ದಾರಿ ಸೋತಿತು ಎನ್ನಲಾಗದು. ಕರ್ಕ್‌ಮನ್ ಅವರನ್ನೇ ನೋಡಿ. ಲಾರ್ಸೆನ್ ಸೃಷ್ಟಿಸಿದ ಸೂಪರ್‌ಪೇಟ್ರಿಯಟ್ ಎಂಬ ಪಾತ್ರದ ಕಥೆ ಬರೆಯುವ ಅವಕಾಶ 2002ರಲ್ಲಿ ಅವರಿಗೆ ಸಿಕ್ಕಿತು. ಚಿತ್ರ ಬಿಡಿಸಿದವರು ಕೋರಿ ವಾಕರ್. ಮರುವರ್ಷ ಇದೇ ಜೋಡಿ ‘ಇನ್‌ವಿನ್ಸಿಬಲ್’ ಆರಂಭಿಸಿತು. ಎಂಟನೇ ಸಂಚಿಕೆಯಿಂದ ರಯಾನ್ ಓಟ್ಲಿ ಚಿತ್ರದ ಹೊಣೆ ಹೊತ್ತರು. 2018ರಲ್ಲಿ 144ನೇ ಸಂಚಿಕೆಗೆ ಕಥೆ ಮುಗಿಯಿತು. ನಡುವೆ 2009ರ 60ನೇ ಸಂಚಿಕೆಯಲ್ಲಿ, ಬೇರೆ ಬೇರೆ ಲೋಕಗಳಿಂದ ಬಂದ ದುಷ್ಟ ಇನ್‌ವಿನ್ಸಿಬಲ್‌ಗಳ ದಾಳಿಯನ್ನು ತಡೆಯಲು ಸ್ಪಾನ್, ಸ್ಯಾವೇಜ್ ಡ್ರ್ಯಾಗನ್ ಮೊದಲಾದವರೆಲ್ಲ ಬರುತ್ತಾರೆ. ಬೇರೆಬೇರೆ ಒಡೆಯರ ಪಾತ್ರಗಳು ಒಂದೇ ಸಂಚಿಕೆಯಲ್ಲಿ! ಆ ಸಡಗರ ಪುಟಪುಟದಲ್ಲೂ ಕಾಣುತ್ತದೆ.

ಲಾರ್ಸೆನ್ ಅಂತೂ 1992ರಿಂದ ಸ್ಯಾವೇಜ್ ಡ್ರ್ಯಾಗನ್‌ನನ್ನು ತಾವೇ ಬರೆದು, ತಾವೇ ಬಿಡಿಸುತ್ತ ಬಂದಿದ್ದಾರೆ. ಅಲ್ಲಿ ಓದುಗರಿಗೆ ವಯಸ್ಸಾದಂತೆ ಪಾತ್ರಗಳಿಗೂ ವಯಸ್ಸಾಗುತ್ತದೆ. ಡ್ರ್ಯಾಗನ್ ಬದಿಗೆ ಸರಿದು ಮಗ ಮಾಲ್ಕಮ್ ಕಥಾನಾಯಕನಾಗಿದ್ದಾನೆ. ಮಾರಾಟದ ಲೆಕ್ಕ ಹಾಕುವ ಕಂಪನಿ ಸೂಪರ್‌ಮ್ಯಾನ್‌ಗೆ ಇಂಥ ವೃದ್ಧಾಪ್ಯವನ್ನು ಕೊಟ್ಟೀತೇ? ಒಡೆತನ ಕೈಯಲ್ಲಿದ್ದವರಿಗೆ ಮಾತ್ರ ಕಾಲವನ್ನು ಹೀಗೆ ನಿಜವಾಗಿ ಹರಿಯಬಿಡುವ ಧೈರ್ಯ ಬರುತ್ತದೆ.

ಇನ್ನೊಬ್ಬರ ಒಪ್ಪಿಗೆಗೆ ಕಾಯದೆ ಇಡೀ ಲೋಕವನ್ನೇ ಸ್ವಂತವಾಗಿ ಕಟ್ಟಿಕೊಂಡವರೂ ಇದ್ದಾರೆ. ಕರ್ಟ್ ಬ್ಯೂಸಿಕ್ ಬರೆದು ಬ್ರೆಂಟ್ ಆಂಡರ್ಸನ್ ಬಿಡಿಸಿದ ‘ಆಸ್ಟ್ರೊ ಸಿಟಿ’ 1995ರಲ್ಲಿ ಬಂತು, ಮುಖಪುಟ ಅಲೆಕ್ಸ್ ರಾಸ್ ಅವರದು. ಆ ಊರಿನ ತುಂಬ ಸೂಪರ್‌ಹೀರೋಗಳಿದ್ದರೂ ಎಷ್ಟೋ ಸಲ ಕಥೆ ಹೇಳುವವರು ಕೆಳಗಿನ ಬೀದಿಯ ಸಾಮಾನ್ಯರು. ನನ್ನ ಮಟ್ಟಿಗೆ ಈ ಬಗೆಯ ಕಾಮಿಕ್ಸಿನಲ್ಲಿ ಅದೇ ಮೇಲು.

‘ಇನ್‌ವಿನ್ಸಿಬಲ್’ ಅನಿಮೇಷನ್ ಸರಣಿ 2021ರಿಂದ ಪ್ರೈಮ್ ವಿಡಿಯೊದಲ್ಲಿದೆ. ನಮ್ಮ ಹುಡುಗರಲ್ಲಿ ಅನೇಕರು ನೋಡಿಯೂ ಇದ್ದಾರೆ. ಆದರೆ ಸ್ಪಾನ್, ಡ್ರ್ಯಾಗನ್ ಬರುವ ಆ ಯುದ್ಧ ಬೇಕೆಂದರೆ ಕಾಮಿಕ್ಸನ್ನೇ ಹಿಡಿಯಬೇಕು. ನೇರ 60ಕ್ಕೆ ಹಾರದೆ, ಮೊದಲ ಸಂಚಿಕೆಯಿಂದಲೇ ಓದುತ್ತ ಬನ್ನಿ.