ಎರಡೂವರೆ ಲಕ್ಷ ಕಿಲೋಮೀಟರ್, ಅರ್ಧ ಮಿಲಿಮೀಟರ್

ತೂಕ ಒಂದೂವರೆ ಕಿಲೋ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರಿಗೂ ಹೆಚ್ಚು. ಊಟಕ್ಕೆ ಮೀನೊಂದಿದ್ದರೆ ಸಾಕು, ಬೇರೆ ಏನೂ ಬೇಕಿಲ್ಲ. ಆಸ್‌ಪ್ರೇ ಎಂಬ ಈ ಬೇಟೆ ಹಕ್ಕಿ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಉಂಟು. ಚಳಿಗಾಲದಲ್ಲಿ ಭದ್ರಾ, ಕಬಿನಿ ಹಿನ್ನೀರಿಗೆ ಹೋದವರು ನೀರಿನ ನಡುವಿನ ಒಣಮರದ ಮೇಲೆ ಕೂತ ಇದನ್ನು ಕಂಡಿರುತ್ತಾರೆ: ಕಂದು ಬೆನ್ನು, ಬಿಳಿ ಹೊಟ್ಟೆ, ಕಣ್ಣನ್ನು ಹಾದುಹೋಗುವ ಕಪ್ಪು ಪಟ್ಟಿ. ನೋಡುವುದಕ್ಕೆ ಅಂಥ ವಿಶೇಷವೇನಿಲ್ಲ. ಇದರ ಬದುಕನ್ನು ಲೆಕ್ಕಕ್ಕೆ ಇಳಿಸಿದಾಗ ಮಾತ್ರ ತಲೆ ಗಿರ್ರೆನ್ನುತ್ತದೆ.

ಈ ಲೆಕ್ಕ ಚೆನ್ನಾಗಿ ಸಿಗುವುದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ. ಚಳಿ ಕಳೆದು ಮಾರ್ಚ್, ಏಪ್ರಿಲ್ ಬಂತೆಂದರೆ ದಕ್ಷಿಣದಲ್ಲಿದ್ದ ಆಸ್‌ಪ್ರೇಗಳು ಊರು ಸೇರುತ್ತವೆ. ಗಂಡು ಚಳಿಗಾಲ ಕಳೆದದ್ದು ಒಂದು ಕಡೆ, ಹೆಣ್ಣು ಇನ್ನೊಂದು ಕಡೆ. ತಿಂಗಳುಗಟ್ಟಲೆ ಪರಸ್ಪರ ಮುಖ ನೋಡದ ಜೋಡಿ ಸಾವಿರಾರು ಕಿಲೋಮೀಟರ್ ಹಾರಿ ಬಂದು ಹಿಂದಿನ ವರ್ಷದ ಗೂಡಿನಲ್ಲೇ ಸಂಧಿಸುತ್ತದೆ. ಬಂದ ಕೂಡಲೇ ರಿಪೇರಿ ಶುರು. ಹಳೆಯ ಕಡ್ಡಿಗಳ ಮೇಲೆ ಹೊಸ ಕಡ್ಡಿ, ಅದರ ಮೇಲೆ ಇನ್ನಷ್ಟು. ಹೊಸ ಜೋಡಿಯ ಮೊದಲ ಗೂಡು ಮುಕ್ಕಾಲು ಮೀಟರ್ ಅಗಲವೂ ಇರುವುದಿಲ್ಲ. ತಲೆಮಾರುಗಳು ಕೂಡಿಸುತ್ತ ಹೋದ ಗೂಡು 3ರಿಂದ 4 ಮೀಟರ್ ಎತ್ತರಕ್ಕೆ ಬೆಳೆದದ್ದಿದೆ. ಒಬ್ಬ ಮನುಷ್ಯ ಆರಾಮವಾಗಿ ಒಳಗೆ ಕೂರಬಹುದು.

ಸಾಮಾನ್ಯವಾಗಿ ಮೂರು ಮೊಟ್ಟೆ. ಐದು ವಾರಕ್ಕೂ ಹೆಚ್ಚು ಕಾವು. ಮೊದಲ ಮರಿ ಹೊರಬಂದು ಐದು ದಿನವಾದ ಮೇಲೂ ಕೊನೆಯ ಮರಿ ಹೊರಬರಬಹುದು. ಹೀಗಾಗಿ ಮೀನು ಕಡಿಮೆಯಾದ ವರ್ಷ ಹಿರಿಯದು ತಿಂದು ಬಲಿಯುತ್ತದೆ, ಕಿರಿಯದು ಸಾಯುತ್ತದೆ. ಹುಟ್ಟುವಾಗ ಮರಿಯ ತೂಕ 50-60 ಗ್ರಾಂ. ಎರಡು ತಿಂಗಳು ತುಂಬುವ ಮೊದಲೇ ಅದು ಅಪ್ಪ ಅಮ್ಮನಷ್ಟೇ ತೂಗುತ್ತ ಗೂಡಿನಂಚಿನಿಂದ ಹಾರುತ್ತದೆ. ಸುಮಾರು 25 ಪಟ್ಟು ಬೆಳವಣಿಗೆ. ಮೂರು ಕಿಲೋ ತೂಕದ ಹಸುಗೂಸು ಇದೇ ವೇಗದಲ್ಲಿ ಬೆಳೆದರೆ ಎರಡು ತಿಂಗಳೊಳಗೆ 75 ಕಿಲೋ ಆಗಿರುತ್ತಿತ್ತು.

ಇಷ್ಟಕ್ಕೂ ಮೀನು ತರಬೇಕಾದವನು ಅಪ್ಪ. ನೀರಿನ ಮೇಲೆ 10ರಿಂದ 40 ಮೀಟರ್ ಎತ್ತರದಲ್ಲಿ ಸುತ್ತುತ್ತಾನೆ, ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ಒಂದೆಡೆ ನಿಲ್ಲುತ್ತಾನೆ, ರೆಕ್ಕೆ ಮಡಚಿ ಕೆಳಗೆ ಬೀಳುತ್ತಾನೆ. ನೀರು ತಾಕುವ ಕ್ಷಣಕ್ಕೆ ಕಾಲು ಮುಂದೆ ಚಾಚಿರುತ್ತದೆ, ಮೂಗಿನ ಹೊಳ್ಳೆ ಮುಚ್ಚಿರುತ್ತದೆ. ಹೊರಬೆರಳನ್ನು ಹಿಂದಕ್ಕೆ ತಿರುಗಿಸುವುದು ಆಸ್‌ಪ್ರೇಗೆ ಗೊತ್ತು. ಹಾಗಾಗಿ ಎರಡು ಬೆರಳು ಮುಂದೆ, ಎರಡು ಹಿಂದೆ. ಅಂಗಾಲಿನ ತುಂಬ ಚೂಪಾದ ಮುಳ್ಳುಗಳು. ಎಂಥ ಲೋಳೆ ಮೀನಾದರೂ ಜಾರುವಂತಿಲ್ಲ. ಮೇಲೆದ್ದ ಮೇಲೆ ಮೈ ಒದರಿ ನೀರು ಕೊಡವಿ, ಮೀನಿನ ತಲೆ ಮುಂದೆ ಬರುವಂತೆ ತಿರುಗಿಸಿಕೊಳ್ಳುತ್ತದೆ, ಗಾಳಿಯ ತಡೆ ಕಡಿಮೆಯಾಗಲಿ ಎಂದು. ನಾಲ್ಕು ಸಲ ಧುಮುಕಿದರೆ ಒಂದು ಸಲವಾದರೂ ಮೀನು ಸಿಗುತ್ತದೆ. ಪಳಗಿದ ಹಕ್ಕಿಗೆ ಹತ್ತರಲ್ಲಿ ಏಳು ಸಲ. ಒಂದು ಮೀನಿಗಾಗಿ ವ್ಯಯವಾಗುವ ಸಮಯ ಸರಾಸರಿ 12 ನಿಮಿಷ.

ಬೇಸಿಗೆ ಮುಗಿಯುತ್ತಿದ್ದಂತೆ ಅಮ್ಮ ಮೊದಲು ಹೊರಡುತ್ತಾಳೆ. ಅಪ್ಪ ಇನ್ನಷ್ಟು ದಿನ ಮೀನು ತಂದುಕೊಟ್ಟು ತಾನೂ ಹೊರಡುತ್ತಾನೆ. ಮರಿಗೆ ದಾರಿ ತೋರಿಸುವವರು ಯಾರೂ ಇಲ್ಲ. 2008ರಲ್ಲಿ ಮಾರ್ತಾಸ್ ವಿನ್ಯಾರ್ಡ್ ದ್ವೀಪದ ಒಂದು ಎಳೆಯ ಹೆಣ್ಣು ಹಕ್ಕಿ ಬೆನ್ನಿಗೆ ಸೌರಶಕ್ತಿಯ ಪುಟ್ಟ ಟ್ರಾನ್ಸ್‌ಮಿಟರ್ ಹೊತ್ತು ಹೊರಟಿತು. ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಪೆನೆಲೊಪಿ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ತಲುಪಿದಾಗ ಕ್ರಮಿಸಿದ ದೂರ ಸುಮಾರು 4,350 ಕಿಲೋಮೀಟರ್, ತಗಲಿದ್ದು 13 ದಿನ. ದಿನಕ್ಕೆ 330 ಕಿಲೋಮೀಟರಿಗೂ ಮಿಗಿಲು, ಎಂದೂ ಕಾಣದ ದಾರಿಯಲ್ಲಿ, ಒಂಟಿಯಾಗಿ.

ಮೊದಲ ಪ್ರಯಾಣ ಮುಗಿಸಿದ ಮರಿ ಮುಂದಿನ ವಸಂತಕ್ಕೇ ಮರಳುವುದಿಲ್ಲ, ಒಂದೂವರೆ ವರ್ಷ ದಕ್ಷಿಣದಲ್ಲೇ ಬೆಳೆಯುತ್ತದೆ. ಹಾರಿ ಹೋದ ಮರಿಗಳಲ್ಲಿ ಅರ್ಧದಷ್ಟೂ ಹಿಂತಿರುಗುವುದಿಲ್ಲ. ಆ ಗಂಡಾಂತರ ದಾಟಿದ್ದು ಮಾತ್ರ ದೀರ್ಘಾಯುಷಿ. 15-20 ವರ್ಷ ಬದುಕುವ ಆಸ್‌ಪ್ರೇ ವಲಸೆಯಲ್ಲೇ 2,57,000 ಕಿಲೋಮೀಟರಿಗೂ ಹೆಚ್ಚು ಹಾರಬಹುದು ಎಂಬುದು ಅಂದಾಜು. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಅಂದರೆ ಆರು ಪ್ರದಕ್ಷಿಣೆ ಮುಗಿದು ಏಳನೆಯದು ಅರ್ಧದ ಹತ್ತಿರ ಬಂದಂತಾಯಿತು. ಸ್ಕಾಟ್ಲೆಂಡಿನ ಲಾಕ್ ಆಫ್ ದ ಲೋಸ್ ಸರೋವರಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ ತಪ್ಪದೆ ಬರುತ್ತಿದ್ದ, ಜನ 'ಲೇಡಿ' ಎಂದು ಕರೆಯುತ್ತಿದ್ದ ಹೆಣ್ಣೊಂದು ಒಟ್ಟು 71 ಮೊಟ್ಟೆ ಇಟ್ಟು 50 ಮರಿಗಳನ್ನು ಹಾರಿಸಿತು.

ಇಂಥ ಗಟ್ಟಿ ಜೀವಿಯನ್ನು ನೆಲಕ್ಕೆ ಕೆಡವಲು ಎಷ್ಟು ಬೇಕು? ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಸಾಕು.

ಆಸ್‌ಪ್ರೇ ಮೊಟ್ಟೆಯ ಚಿಪ್ಪಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಎರಡನೇ ಮಹಾಯುದ್ಧದ ನಂತರ ಸೊಳ್ಳೆ ಕೊಲ್ಲಲು ಕರಾವಳಿಯ ಜೌಗಿಗೆ ಡಿಡಿಟಿ ಸುರಿದರು. ಅದು ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ, ಕೊನೆಗೆ ಹಕ್ಕಿಗೆ, ಒಂದೊಂದು ಮೆಟ್ಟಿಲಿಗೂ ಸಾಂದ್ರವಾಗುತ್ತ ಸಾಗಿತು. ಚಿಪ್ಪಿಗೆ ಸಿಗಬೇಕಾದ ಕ್ಯಾಲ್ಸಿಯಂಗೆ ಅಡ್ಡ ಬಂತು. ಚಿಪ್ಪು ಐದರಲ್ಲಿ ಒಂದು ಪಾಲು ತೆಳುವಾಯಿತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿತು. ನ್ಯೂಯಾರ್ಕಿನಿಂದ ಬಾಸ್ಟನ್‌ವರೆಗಿನ ಕರಾವಳಿಯಲ್ಲಿ ನೂರು ಜೋಡಿಯಲ್ಲಿ ತೊಂಬತ್ತು ಕಾಣೆಯಾದವು. ತಪ್ಪು ಪಾಲನೆಯದೋ ಮೊಟ್ಟೆಯದೋ? ಪಾಲ್ ಸ್ಪಿಟ್ಜರ್ ಎಂಬ ಯುವ ವಿಜ್ಞಾನಿ 1960ರ ದಶಕದ ಕೊನೆಗೆ ವಿಷ ಕಡಿಮೆಯಿದ್ದ ಮೇರಿಲ್ಯಾಂಡಿನ ಮೊಟ್ಟೆಗಳನ್ನು ತಂದು ಕನೆಕ್ಟಿಕಟ್‌ನ ಗೂಡುಗಳಲ್ಲಿ ಇಟ್ಟರು. ಅವು ಮರಿಯಾದವು. ಪಾಲಕರಲ್ಲಿ ದೋಷವಿರಲಿಲ್ಲ. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ಅದೇ ಅಟ್ಲಾಂಟಿಕ್ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ 1973ರ ಹೊತ್ತಿಗೆ ಸುಮಾರು 1,450 ಜೋಡಿಗೆ ಇಳಿದಿದ್ದ ಸಂಖ್ಯೆ ಮುಂದಿನ ದಶಕಗಳಲ್ಲಿ ಹಲವು ಪಟ್ಟು ಏರಿತು. ದೋಣಿಗಳಿಗೆ ದಾರಿ ತೋರಿಸುವ ಕಂಬ, ಜನ ನೆಟ್ಟ ಅಟ್ಟಣೆ, ಎಲ್ಲಿ ನೋಡಿದರೂ ಗೂಡು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಖ್ಯೆ ಕುಸಿಯದೆ ನಿಲ್ಲಬೇಕಾದರೆ ವರ್ಷಕ್ಕೆ ಒಂದು ಗೂಡಿನಿಂದ ಸರಾಸರಿ 1.15 ಮರಿ ಹಾರಬೇಕು ಎನ್ನುತ್ತದೆ ಅಲ್ಲಿನ ಪಕ್ಷಿತಜ್ಞರ ಲೆಕ್ಕ. 2023ರಲ್ಲಿ ಚೆಸಪೀಕ್‌ನ ಒಂದು ಭಾಗವಾದ ಮಾಬ್‌ಜ್ಯಾಕ್ ಕೊಲ್ಲಿಯ 167 ಗೂಡುಗಳನ್ನು ಅವರು ಗಮನಿಸಿದರು. ಈ ಲೆಕ್ಕದ ಪ್ರಕಾರ 192 ಮರಿಗಳು ಬರಬೇಕಿತ್ತು. ಬಂದದ್ದು 17. ಡಿಡಿಟಿ ಕಾಲದಲ್ಲೂ ಇಷ್ಟು ಕೆಳಗಿಳಿದಿರಲಿಲ್ಲ. ಈ ಸಲ ಚಿಪ್ಪು ಗಟ್ಟಿಯಾಗಿಯೇ ಇದೆ. ಮರಿಗಳು ಹಸಿವಿನಿಂದ ಸಾಯುತ್ತಿವೆ. ಬೂತಾಯಿಯ ಬಳಗಕ್ಕೆ ಹತ್ತಿರದ, ಎಣ್ಣೆ ತುಂಬಿದ ಮೆನ್‌ಹೇಡನ್ ಮೀನು ಕೊಲ್ಲಿಯಲ್ಲಿ ಸಾಲುತ್ತಿಲ್ಲ ಎನ್ನುತ್ತಾರೆ ತಜ್ಞರು. ಆ ಮೀನನ್ನು ಎಣ್ಣೆಗೆ, ಮೀನುಹುಡಿಗೆ ಹಿಡಿಯುವ ಉದ್ಯಮ ಅದನ್ನು ಒಪ್ಪುವುದಿಲ್ಲ.

ವಾದ ಮುಗಿಯುವವರೆಗೆ ಕೊಲ್ಲಿಯ ಮೇಲೆ ಆಸ್‌ಪ್ರೇಗಳು ಹಾರುತ್ತಲೇ ಇರುತ್ತವೆ, ಏಕೆಂದರೆ ಹಳೆಯ ಹಕ್ಕಿಗಳಿಗೆ ಇಪ್ಪತ್ತು ವರ್ಷದ ಆಯುಷ್ಯವಿದೆ. ಆಕಾಶ ನೋಡಿ ಎಲ್ಲ ಸರಿಯಾಗಿದೆ ಎಂದುಕೊಳ್ಳುವುದು ಸುಲಭ. ಭೂಮಿಗೆ ಆರು ಸುತ್ತು ಹಾಕುವ ಹಕ್ಕಿಯ ನಾಳೆ ಗೊತ್ತಾಗುವುದು 1.15 ಎಂಬ ಸಣ್ಣ ಅಂಕಿಯಲ್ಲಿ. ಅದನ್ನು ಎಣಿಸಲು ವರ್ಷ ವರ್ಷವೂ ಗೂಡಿನ ಬುಡಕ್ಕೇ ಹೋಗಬೇಕು.