ಡಬ್ಬಿ ತುಂಬಿತ್ತು, ರೇಡಿಯೇಟರ್ ಖಾಲಿ!

ನಮ್ಮ ಗೆಳೆಯನ ಅಪ್ಪನ ಕಾರಿಗೆ ನಮಗಿಂತ ಒಂದೆರಡು ವರ್ಷ ಹೆಚ್ಚೇ ವಯಸ್ಸು. ಸಣ್ಣ ಪೆಟ್ರೋಲ್ ಕಾರು. ಕಳೆದ ಬೇಸಿಗೆಯಲ್ಲಿ ನಾವು ನಾಲ್ವರು ಅದರಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೊರಟೆವು. ಬಾನೆಟ್ ಎತ್ತಿ ಕೂಲಂಟ್ ಡಬ್ಬಿ ನೋಡಿ, "ಫುಲ್ ಐತೆ, ನಡೀರಪ್ಪಾ" ಅಂದವರೂ ನಾವೇ.

ಏರಿನಲ್ಲಿ ಅದಿರು ಲಾರಿಯೊಂದರ ಹಿಂದೆ ಎರಡನೇ ಗೇರಲ್ಲಿ ತೆವಳುತ್ತಿದ್ದೆವು. ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ನೋಡ್ತಾ ನೋಡ್ತಾ ತಾನಾಗೇ ಕೆಳಗಿಳಿಯಿತು. "ಸರಿಹೋಯ್ತು" ಅಂದುಕೊಂಡೆವು. ಐದು ನಿಮಿಷದಲ್ಲಿ ಬಾನೆಟ್ ಸಂದಿಯಿಂದ ಹಬೆ! ಕಾರು ನಿಲ್ಲಿಸಿ, ನಮ್ಮಲ್ಲೊಬ್ಬ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಹಿಂದೆ ಬಂದ ಲಾರಿ ಡ್ರೈವರಣ್ಣ, "ಏ ತಮ್ಮಾ, ಕೈ ತೆಗಿ! ಮುಖ ಸುಟ್ಕೊಂತಿ!" ಅಂತ ಕೂಗದಿದ್ದರೆ ಅವತ್ತು ನಾವು ಸಂಡೂರಲ್ಲ, ಆಸ್ಪತ್ರೆ ನೋಡುತ್ತಿದ್ದೆವು.

ಮುಕ್ಕಾಲು ಗಂಟೆ ಕಾದು ಮುಚ್ಚಳ ತೆಗೆದರೆ ರೇಡಿಯೇಟರ್‌ನಲ್ಲಿ ನೀರೇ ಕಾಣಲಿಲ್ಲ. ಪಕ್ಕದ ಡಬ್ಬಿ ಮಾತ್ರ ಹಾಗೇ ತುಂಬಿತ್ತು. ಥರ್ಮೊಡೈನಾಮಿಕ್ಸ್ ಪಾಸಾದವರಿಗೆ ಇದಕ್ಕಿಂತ ಅವಮಾನ ಬೇಕಾ?

ಮುಚ್ಚಳದೊಳಗಿನ ಎರಡು ವಾಲ್ವ್

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ. ಅದರಲ್ಲಿ ಸ್ಪ್ರಿಂಗ್ ಇರುವ ಪ್ರೆಷರ್ ವಾಲ್ವ್ ಇದೆ. ಅನೇಕ ಕಾರುಗಳಲ್ಲಿ ಅದು ಸುಮಾರು 0.9 ಬಾರ್ ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯುವುದಿಲ್ಲ, 118 ಡಿಗ್ರಿಯ ಹತ್ತಿರ ಕುದಿಯುತ್ತದೆ. ಬಿಸಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರು ಕ್ಷಣದಲ್ಲಿ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಲಾರಿಯಣ್ಣ ಕೂಗಿದ್ದು ಅದಕ್ಕೇ.

ಎರಡನೆಯದು ಪುಟ್ಟ ವ್ಯಾಕ್ಯೂಮ್ ವಾಲ್ವ್. ಎಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲಂಟ್ ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ಈ ವಾಲ್ವ್ ತೆರೆದು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಆದರೆ ಎಲ್ಲೋ ಒಂದು ಸಣ್ಣ ಲೀಕ್ ಇದ್ದರೆ? ತಣ್ಣಗಾಗುವಾಗ ಡಬ್ಬಿಯಿಂದ ಕೂಲಂಟ್ ಬರುವ ಬದಲು ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ. ದಿನಾ ಸ್ವಲ್ಪ ಕೂಲಂಟ್ ಹೊರಗೆ, ಸ್ವಲ್ಪ ಗಾಳಿ ಒಳಗೆ. ಡಬ್ಬಿಯ ಮಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಹಳೆಯ ಕಾರಿನಲ್ಲಿ ಡಬ್ಬಿ ನೋಡಿದರೆ ಸಾಲದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಬೇಕು.

ಇನ್ನು ಮುಳ್ಳು ಇಳಿದದ್ದು ಯಾಕೆ? ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದರೆ ಸುತ್ತ ಇರುವುದು ಗಾಳಿ, ಹಬೆ. ಅವು ಕೂಲಂಟ್‌ನಷ್ಟು ಚೆನ್ನಾಗಿ ಶಾಖ ಮುಟ್ಟಿಸುವುದಿಲ್ಲ. ಎಂಜಿನ್ ಬೇಯುತ್ತಿರುತ್ತದೆ, ಮುಳ್ಳು ಆರಾಮಾಗಿರುತ್ತದೆ. ಮೇಲೇರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

ಮೂರು ರಸ್ತೆ, ಮೂರು ಪರೀಕ್ಷೆ

ಅವತ್ತು ನೀರು ತುಂಬಿಸಿ, ನಿಂತು ನಿಂತು ವಾಪಸ್ ಬಂದೆವು. ರಾತ್ರಿಯಿಡೀ ಕಾರಿನ ಕೆಳಗೆ ರಟ್ಟು ಹಾಸಿದೆವು. ಒಂದು ಹನಿಯೂ ಇಲ್ಲ. ಗ್ಯಾರೇಜಿನ ಮೇಸ್ತ್ರಿ, "ಕಂಡರೆ ದೊಡ್ಡ ಲೀಕ್ ತಮ್ಮಾ, ಕಾಣದಿದ್ರೆ ಸಣ್ಣದು. ಸಣ್ಣದೇ ಎಂಜಿನ್ ತಿನ್ನೋದು" ಅಂದರು. ಪ್ರತಿ ಓಡಾಟ ಆದಮೇಲೆ ಮಾರನೇ ದಿನ ಬೆಳಿಗ್ಗೆ ಮಟ್ಟ ಬರೆದಿಡೋಕೂ ಹೇಳಿದರು.

ಕಂಪ್ಲಿ ಕಡೆ ಹೋಗಿಬಂದೆವು: ಗದ್ದೆಗಳ ನಡುವೆ ಸಮತಟ್ಟು ರಸ್ತೆ, ಒಂದೇ ವೇಗ, ಎದುರುಗಾಳಿ. ಮಟ್ಟ ಇಳಿದಂತೆ ಕಾಣಲಿಲ್ಲ. ಹಂಪಿಗೆ ಹೋದೆವು: ಪ್ರವಾಸಿಗರ ಆಟೋ, ಬಸ್ಸುಗಳ ಹಿಂದೆ ನಡಿಗೆಯ ವೇಗ, ಗಾಳಿಯ ಕೆಲಸವೆಲ್ಲ ಫ್ಯಾನಿನ ತಲೆಮೇಲೆ. ಒಂದು ಬೆರಳು ಇಳಿದಿತ್ತು. ಐದು ಲೀಟರ್ ನೀರು ಇಟ್ಟುಕೊಂಡು ಸಂಡೂರಿನ ಏರು ಹತ್ತಿದೆವು: ಲೋಡ್ ಹೆಚ್ಚು, ವೇಗ ಕಡಿಮೆ, ಶಾಖ ಹೆಚ್ಚು. ಎರಡು ಬೆರಳಿಗಿಂತ ಜಾಸ್ತಿ ಇಳಿದಿತ್ತು. ಅಂದರೆ ನಿಂತಾಗ ಸೋರುವ ತೂತಲ್ಲ ಇದು, ಬಿಸಿ ಮತ್ತು ಒತ್ತಡ ಏರಿದಾಗ ಬಾಯಿ ಬಿಡುವಂಥದ್ದು.

ಇದು ನಮ್ಮೂರಿನವರಿಗೆ ಹೊಸ ಪಾಠವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ಡ್ಯಾಂ ತುಂಬಿತ್ತು. ಸವೆದ ಭಾಗ ಕೈಕೊಡುವುದು ಹೊರೆ ಪೂರ್ತಿ ಬಿದ್ದಾಗಲೇ.

ಮೇಸ್ತ್ರಿ ತಣ್ಣಗಿದ್ದ ಎಂಜಿನ್‌ಗೆ ಪ್ರೆಷರ್ ಟೆಸ್ಟರ್ ಕಟ್ಟಿ, ಕ್ಯಾಪ್ ಮೇಲೆ ಬರೆದಿದ್ದಷ್ಟೇ ಒತ್ತಡ ಪಂಪ್ ಮಾಡಿದರು. ಮುಳ್ಳು ನಿಧಾನಕ್ಕೆ ಇಳಿಯಿತು. ಟಾರ್ಚ್ ಬಿಟ್ಟು ನೋಡಿದರೆ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದ ಸುತ್ತ ಬಿಳಿ-ಹಸಿರು ಹೆಕ್ಕಳೆ. ಪಂಪಿನ ಸೀಲ್ ಸವೆದಾಗ ಗೊತ್ತಾಗಲಿ ಅಂತಲೇ ಇಟ್ಟಿರುವ ರಂಧ್ರ ಅದು. ಸೋರಿದ್ದು ಬಿಸಿ ಲೋಹದ ಮೇಲೆ ಆವಿಯಾಗುತ್ತಿತ್ತು, ಅದಕ್ಕೇ ರಟ್ಟು ಒಣಗಿತ್ತು.

ಎಲ್ಲಿ ನೋಡಬೇಕು?

ನಿಮ್ಮ ಗಾಡಿಯಲ್ಲಿ ಪಂಪೇ ಆಗಬೇಕೆಂದಿಲ್ಲ. ಹೋಸ್ ಪೈಪಿನ ತುದಿ, ಕ್ಲ್ಯಾಂಪ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ಕ್ಯಾಪಿನ ರಬ್ಬರ್ ಎಲ್ಲವನ್ನೂ ನೋಡಿ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಮ್ಯಾಟ್ ಒದ್ದೆ ಇದ್ದರೆ ಹೀಟರ್ ಕೋರ್ ಮೇಲೆ ಅನುಮಾನ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ, ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಎದ್ದರೆ, ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಮೇಲೆ ಗಾಡಿ ಓಡಿಸಲೇಬೇಡಿ. ಅಲ್ಯೂಮಿನಿಯಂ ಹೆಡ್ ಬಾಗಿದರೆ ಹಳೆಯ ಕಾರಿನ ಬೆಲೆಯಷ್ಟೇ ರಿಪೇರಿಗೂ ಬೇಕಾದೀತು.

ಮಾಡಬಾರದ್ದು, ಮಾಡಬೇಕಾದ್ದು

ಲೀಕ್ ಮುಚ್ಚಲು ಅರಿಶಿನ ಪುಡಿ ಹಾಕುವುದು ನಮ್ಮ ಕಡೆಯ ಹಳೇ ಉಪಾಯ. ಊರು ಮುಟ್ಟಲು ಅದು ನೆರವಾಗಬಹುದು. ಆದರೆ ಸಣ್ಣ ತೂತು ಮುಚ್ಚುವ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಬೋರ್‌ವೆಲ್ ನೀರನ್ನೇ ತುಂಬುತ್ತಾ ಹೋದರೂ ಅಷ್ಟೇ: ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು ಶಾಖವನ್ನು ತಡೆಯುತ್ತದೆ. ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ತುಂಬಿಸುವಾಗ ಒಳಗಿನ ಗಾಳಿ ಪೂರ್ತಿ ಹೊರಹಾಕಿ.

ದಾರಿಯಲ್ಲಿ ಬಿಸಿಯಾದರೆ ಎಸಿ ಆಫ್, ಹೀಟರ್ ಫುಲ್ ಆನ್. ಏಪ್ರಿಲ್ ಬಿಸಿಲಲ್ಲಿ ಬೈಗುಳ ಬರುತ್ತದೆ, ಬರಲಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಬೇಗ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಇನ್ನೊಂದು ಮಾತು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ. ಸೋರಿದ್ದನ್ನು ಮಣ್ಣು ಹಾಕಿ ಒರೆಸಿ ತೆಗೆಯಿರಿ, ಚರಂಡಿಗೆ ಬಿಡಬೇಡಿ.

ಪಂಪ್, ಕ್ಯಾಪ್, ಎರಡು ಹೋಸ್ ಹೊಸದು ಹಾಕಿಸಿದೆವು. ಕೆಲವು ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಅಂಥದ್ದರಲ್ಲಿ ಬೆಲ್ಟನ್ನೂ ಜೊತೆಗೇ ಬದಲಿಸುವುದು ಒಳ್ಳೆಯದು. ನಮ್ಮ ಅದೃಷ್ಟಕ್ಕೆ ಹೆಡ್ ಬಾಗಿರಲಿಲ್ಲ. ಮತ್ತೆ ಸಂಡೂರಿಗೆ ಹೋಗಿಬಂದು, ಮಾರನೇ ಬೆಳಿಗ್ಗೆ ಮುಚ್ಚಳ ತೆಗೆದೆವು. ಕೂಲಂಟ್ ಕುತ್ತಿಗೆ ಮಟ್ಟದಲ್ಲೇ ಇತ್ತು.

ಗೆಳೆಯನ ಅಪ್ಪ ಈಗಲೂ ಪ್ರತಿ ಭಾನುವಾರ ಮುಚ್ಚಳ ತೆಗೆದು ನೋಡಿ, ನಮ್ಮ ನೋಟ್‌ಬುಕ್ಕಿನಲ್ಲಿ ಮಟ್ಟ ಬರೆಯುತ್ತಾರೆ. ಡಬ್ಬಿ ಮಾತು ಅವರೂ ನಂಬುವುದಿಲ್ಲ.